ಲ್ಯಾಮಿನೇಟ್ ಆದ ಕಾರ್ಡ್

"ಬೆರಳು ತೆಗೀರಿ. ಮೂಲೆ ಮಡಿಸ್ತಿದೀರ."

ಸುಷ್ಮಾ ತಲೆ ಎತ್ತಿದಳು. ದೇವರಾಜ ಮಾರುಕಟ್ಟೆ ಹಿಂದಿನ ಹಳೇ ಪುಸ್ತಕದಂಗಡಿಯಲ್ಲಿ ಆಗಷ್ಟೇ ಸಿಕ್ಕಿದ್ದ ಕಾರ್ಡು. ಒಂದು ಕಾಲದಲ್ಲಿ ಸಿಗರೇಟ್ ಪ್ಯಾಕಿನೊಳಗೆ ಬರುತ್ತಿದ್ದ, ಕ್ರಿಕೆಟ್ ಆಟಗಾರನ ಚಿತ್ರವಿದ್ದ ಕಾರ್ಡು. ಅದರ ಇನ್ನೊಂದು ತುದಿ ಯಾರೋ ಅಪರಿಚಿತನ ಕೈಯಲ್ಲಿತ್ತು!

ಬಿಟ್ಟರೆ ಹೋಯಿತು... ಎಳೆದರೆ ಹರಿದೀತು...

"ಮೊದಲು ನೋಡಿದ್ದು ನಾನು."

"ಹಾಗಾದ್ರೆ ಅಂಚಲ್ಲಿ ಹಿಡ್ಕೊಳ್ಳಿ," ಎಂದು ಅವನು ಬಿಟ್ಟುಕೊಟ್ಟ.

ಹೆಸರು ಮೃತ್ಯುಂಜಯ. ಹೂಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸ, ಇಂಥ ಹಳೇ ಕಾರ್ಡು ಕೂಡಿಡುವ ಹುಚ್ಚು. ೧೯೯೭ರ ಆ ಬೇಸಿಗೆಯಿಡೀ ಭಾನುವಾರವೆಂದರೆ ಇಬ್ಬರೂ ಅದೇ ಅಂಗಡಿಯಲ್ಲಿ. ಬೆಳಕಿಗೆ ಓರೆಯಾಗಿ ಹಿಡಿದರೆ ಮಡಿಕೆ ಕಾಣುತ್ತದೆ, ಮೂಲೆಗಳು ಚೂಪಾಗಿರಬೇಕು, ಚಿತ್ರದ ಸುತ್ತ ಬಿಳಿ ಅಂಚು ಸಮನಾಗಿರಬೇಕು ಎಂದು ಅವನು ಕಲಿಸಿದ. ಅವಳು ಆಸೆಯಿಂದ ತಂದ ಎಷ್ಟೋ ಕಾರ್ಡುಗಳನ್ನು ಚೆನ್ನಾಗಿಲ್ಲವೆಂದು ಮುಖದ ಮೇಲೇ ಹೇಳಿದ.

ಸಿಟ್ಟು ಬರಬೇಕಿತ್ತು. ಅವಳು ಭಾನುವಾರಕ್ಕಾಗಿ ಕಾಯತೊಡಗಿದ್ದಳು.

ಒಂದು ದಿನ ಅವನು ತನ್ನಲ್ಲಿದ್ದ ಅತ್ಯುತ್ತಮ ಕಾರ್ಡನ್ನೇ ಅವಳ ಕೈಗಿಟ್ಟ. ಮನೆಗೊಯ್ದು ದೋಷವಿದ್ದರೆ ಹುಡುಕಿ ಎಂದ. ಯಾರಿಗೂ ಮುಟ್ಟಲು ಕೊಡದ ಕಾರ್ಡು! ವಿಜಯನಗರದ ಮನೆ ತಲುಪುವವರೆಗೂ ಅವಳು ಅದನ್ನು ಅಂಚಲ್ಲೇ ಹಿಡಿದಿದ್ದಳು.

ದೋಷ ಸಿಗಲಿಲ್ಲ. ಇನ್ನು ಮುಂದೆಯೂ ಬರಬಾರದು...

ಸುಷ್ಮಾಳ ಮನೆಯಲ್ಲಿ ಜೋಪಾನ ಮಾಡುವುದಕ್ಕೆ ಒಂದೇ ದಾರಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಿಂದ ಎಂ.ಎ. ಪದವಿಪತ್ರದವರೆಗೆ ಎಲ್ಲವನ್ನೂ ಲ್ಯಾಮಿನೇಟ್ ಮಾಡಿಸಿಟ್ಟಿದ್ದರು. ಕಾರ್ಡನ್ನೂ ಮಾಡಿಸಿದಳು. ಬಿಸಿ ಯಂತ್ರದಿಂದ ಅದು ಫಳಫಳ ಹೊಳೆಯುತ್ತಾ ಹೊರಬಂತು.

ಅದನ್ನು ಕಂಡು ಮೃತ್ಯುಂಜಯನ ಮುಖ ಬಿಳಿಚಿತು. ಪ್ಲಾಸ್ಟಿಕ್ಕು ಕಾಗದಕ್ಕೇ ಅಂಟಿಬಿಟ್ಟಿದೆ, ಇನ್ನು ಬಿಡಿಸಲಾಗದು, ಸಂಗ್ರಹಕ್ಕೆ ಬರುವುದಿಲ್ಲ ಎಂದಷ್ಟೇ ಹೇಳಿ, ಕಾರ್ಡನ್ನು ಜೇಬಿಗಿಟ್ಟುಕೊಂಡು ಹೊರಟುಹೋದ.

ಯಾವ ಮುಖ ಇಟ್ಟುಕೊಂಡು ಹೋಗಲಿ... ಸುಷ್ಮಾ ಅಂಗಡಿಯತ್ತ ಸುಳಿಯಲಿಲ್ಲ. ಭಾನುವಾರಗಳು ಬಂದವು, ಹೋದವು. ಕೊನೆಗೆ ತಡೆಯಲಾರದೆ ಒಂದು ಸಂಜೆ ಹೂಟಗಳ್ಳಿಯ ಬಸ್ಸು ಹತ್ತಿದಳು. ಕ್ಷಮಿಸದಿದ್ದರೂ ಸರಿ, ಬೈದಾದರೂ ಮಾತಾಡಲಿ. ಕಾರ್ಖಾನೆಯ ಗೇಟಿನಿಂದ ಹೊರಬಂದವರ ನಡುವೆ ಅವನನ್ನು ಹುಡುಕಿ ಎದುರಿಗೇ ನಿಂತಳು.

"ನಿಮ್ಮ ಕಾರ್ಡ್ ಹಾಳು ಮಾಡ್ಬುಟ್ಟೆ, ಅಲ್ವಾ?"

"ಹ್ಞೂಂ. ಪೂರ್ತಿ ಹಾಳು."

ಅವಳ ಕಣ್ಣು ತುಂಬಿತು. ಈ ಮನುಷ್ಯನಿಗೆ ಸುಳ್ಳು ಹೇಳಲೂ ಬರುವುದಿಲ್ಲ.

"ಅದಕ್ಕೇ ಬರೋದು ಬಿಟ್ರಾ? ನಾನು ಮುಖ ತಿರುಗಿಸಿ ಹೋದೆ ಅಂತ ನಿಮಗೇ ಕೋಪ ಅಂದ್ಕೊಂಡೆ ಕಣ್ರೀ. ಪ್ರತಿ ಭಾನುವಾರ ಅಂಗಡಿ ಬಾಗಿಲು ಹಾಕೋವರೆಗೂ ಕಾದೆ."

ಕಾದಿದ್ದನೇ... ನನಗಾಗಿ?

ಅವನು ಕತ್ತು ಉಜ್ಜಿಕೊಂಡ. "ಇನ್ನೊಂದು ವಿಷಯ. ಅಮ್ಮ ಆ ಕಾರ್ಡ್ ನೋಡಿ, ಯಾರಪ್ಪಾ ಇಷ್ಟು ಜೋಪಾನ ಮಾಡಿರೋದು ಅಂದ್ರು. ನಾನು ಮದುವೆ ಆಗೋ ಹುಡುಗಿ ಅಂದ್ಬುಟ್ಟೆ."

"ನನ್ನ ಒಂದು ಮಾತೂ ಕೇಳ್ದೇನೇ?"

"ನೀವು ನನ್ನ ಕೇಳಿ ಲ್ಯಾಮಿನೇಟ್ ಮಾಡಿಸಿದ್ರಾ?"

ಅಳುತ್ತಿದ್ದವಳು ನಕ್ಕುಬಿಟ್ಟಳು. ಬಸ್ಸು ಬಂದು ನಿಂತಿತು, ಹೊರಟೂ ಹೋಯಿತು. ಇಬ್ಬರೂ ಅದರ ಕಡೆ ನೋಡಲಿಲ್ಲ.

"ಸರಿ," ಎಂದಳು ಮೆಲ್ಲಗೆ.

"ಏನು ಸರಿ?"

"ಅಮ್ಮನ ಹತ್ರ ಹೇಳಿದ್ದು."