ಸುಡುವ ಮನೆಯ ತುಂಡು

"ಆ ತುಂಡನ್ನು ರುಕಿಯಾಗೆ ಕೊಟ್ಟದ್ದು ಯಾಕೆ?"

ಮುನೀರಾ ಕೇಳಿದಳು. ಅನ್ಸಾರ್ ತಲೆ ಎತ್ತಲಿಲ್ಲ. ತೂತು ಕೊರೆದ ಕಾಗದದ ಮೇಲೆ ಪುಡಿ ಒರೆಸಿ, ಬಟ್ಟೆಗೆ ಚಿತ್ರ ಇಳಿಸುತ್ತಿದ್ದ.

"ಅವಳ ಕೈ ನಯ ಉಂಟು."

ನಯ... ಮುನೀರಾ ಮನಸ್ಸಲ್ಲೇ ಅಂದುಕೊಂಡಳು. ಎರಡು ವರ್ಷ ಇವರು ಹಾಕಿದ ಗೆರೆಯ ಮೇಲೆ ಸೂಜಿ ಓಡಿಸಿದವಳು ನಾನಲ್ಲವಾ?

ಕೊಲ್ಲಿ ದೇಶದ ಅಲ್ ವಕ್ರಾದಲ್ಲಿ, ಬುರ್ಖಾದಂಥ ಅಬಾಯಾ ಹೊಲಿಯುವ ಆ ಅಂಗಡಿಗೆ ಶಾಲೆಯೊಂದರಿಂದ ಕೆಲಸ ಬಂದಿತ್ತು. ಇಂಗ್ಲೆಂಡನ್ನು ಗೆದ್ದ ಯುದ್ಧವನ್ನು ಒಂಬೈನೂರು ವರ್ಷಕ್ಕೂ ಹಿಂದೆ ಯಾರೋ ಉದ್ದದ ಲಿನನ್ ಬಟ್ಟೆಯಲ್ಲಿ ಉಣ್ಣೆ ನೂಲಿನಿಂದ ಕಸೂತಿ ಹಾಕಿ ಇಟ್ಟಿದ್ದರಂತೆ. ಹಡಗು, ಕುದುರೆ, ಬಾಣ, ಸತ್ತು ಬಿದ್ದ ಅರಸ. ಅದರ ಎಂಟು ತುಂಡುಗಳ ನಕಲು ಬೇಕಿತ್ತು. ಏಳನ್ನು ಮುನೀರಾ ಹೊಲಿದಿದ್ದಳು. ಎಂಟನೆಯದನ್ನು ಅನ್ಸಾರ್ ಅವಳ ಕಣ್ಣಿಗೇ ಬೀಳದ ಹಾಗೆ ಸುತ್ತಿ, ಅಂಗಡಿಯಲ್ಲಿ ಜೊತೆಗೆ ಹೊಲಿಯುವ ರುಕಿಯಾಗೆ ಕೊಟ್ಟಿದ್ದ.

ಗಂಡ ತೀರಿಹೋದ ಮೇಲೆ ಅಲ್ಲೇ ಅಣ್ಣನ ಮನೆಯಲ್ಲಿದ್ದ ಅವಳು ಅನ್ಸಾರ್‌ನ ಬಾಯಿಂದ ಒಂದು ಮಾತು ಬಂದೀತೆಂದು ಕಾದಿದ್ದಳು. ಅದಕ್ಕೇ ಊರಿಗೆ ಹೋಗುವ ಟಿಕೆಟ್ಟನ್ನು ಎರಡು ಸಲ ಮುಂದೆ ಹಾಕಿಸಿದ್ದಳು.

"ನನ್ನ ಕೈ ಬೇಡವಾದ ಮೇಲೆ ಖಲಾಸ್. ಗುರುವಾರ ನಾನು ಊರಿಗೆ."

ಅನ್ಸಾರ್ ಒರೆಸಿದ ಕಡೆಯೇ ಮತ್ತೆ ಪುಡಿ ಒರೆಸಿದ.

ಬುಧವಾರ ಅವಳು ತನ್ನ ಸೂಜಿ ಕತ್ತರಿ ಕಟ್ಟಿಕೊಳ್ಳಲು ಬಂದಾಗ ಮುದುಕಿ ರುಕಿಯಾ ಕನ್ನಡಕ ಹಣೆಗೇರಿಸಿದಳು.

"ಬಾ ಮೋಳೆ, ಬಾ ಮಗಳೇ. ನನ್ನ ಕೈ ನಯವಂತೆ, ನೂಲು ಪೋಣಿಸಲು ಕಣ್ಣೇ ಕಾಣುದಿಲ್ಲ. ನಿನಗೆ ಇದನ್ನು ತೋರಿಸಬಾರದಂತೆ. ಯಾಕೆಂದು ಅವ ಹೇಳುದಿಲ್ಲ. ನೀನೇ ನೋಡು."

ಚೌಕಟ್ಟಿನ ಮೇಲೆ ಹೊದೆಸಿದ ಬಟ್ಟೆ ಸರಿಯಿತು.

ಚಿತ್ರದಲ್ಲಿ ಇಬ್ಬರು ಒಂದು ಮನೆಗೆ ಕೊಳ್ಳಿ ಇಡುತ್ತಿದ್ದರು. ಪಕ್ಕದಲ್ಲಿ ಒಬ್ಬ ಹೆಂಗಸು, ಮಗುವಿನ ಕೈ ಹಿಡಿದುಕೊಂಡು...

ಮುನೀರಾ ಚೌಕಟ್ಟಿನ ಮುಂದೆ ಕೂತಳು. ಉಳ್ಳಾಲದ ಬಾಡಿಗೆ ಮನೆಗೆ ಬೆಂಕಿ ಹತ್ತಿದಾಗ ಅವಳು ಹಾಲು ತರಲು ಹೋಗಿದ್ದಳು. ಮಗ ಒಳಗೆ ಮಲಗಿದ್ದ. ಆ ಸಂಗತಿಯನ್ನು ಅವಳು ಹೊರಗಿನವರಲ್ಲಿ ಅನ್ಸಾರ್‌ಗೆ ಮಾತ್ರ ಹೇಳಿದ್ದು.

ಅವನು ಬಾಗಿಲಲ್ಲಿ ನಿಂತಿದ್ದ.

"ಹೇಳಬಹುದಿತ್ತು ನೀವು."

"ಹೇಳಿದರೆ ನೆನಪು ಮಾಡಿಕೊಟ್ಟ ಹಾಗೆ ಆಗುದಿಲ್ಲವಾ?"

"ಮರೆತ ದಿನ ಉಂಟಾ ನನಗೆ?"

ರುಕಿಯಾ ಚಾಯದ ನೆಪ ಹೇಳಿ ಎದ್ದು ಹೋದಳು.

"ನೀನು ಅಳುವುದನ್ನು ನೋಡುವ ಧೈರ್ಯ ನನಗಿಲ್ಲ ಮುನೀರಾ. ನಿಕಾಹ್ ಅಂದರೆ ಮನೆ, ಮಕ್ಕಳು... ನಿನಗೆ ಎಲ್ಲ ಮತ್ತೆ ಕಣ್ಣ ಮುಂದೆ ಬರ್ತದೆ ಅಂತ ಬಾಯಿ ಕಟ್ಟಿತು. ಇಷ್ಟ ಇಲ್ಲದೆ ಅಲ್ಲ."

ಇನ್ನೂ ಬರಿ ಗೆರೆಯಾಗಿದ್ದ ಮಗುವಿನ ಕೈಯನ್ನು ಅವಳು ಬೆರಳಿನಿಂದ ಸವರಿದಳು.

"ಈ ಮಗು ಹೊರಗೆ ಬಂದಿದೆ. ಇದನ್ನು ನಾನೇ ಹೊಲಿಯಬೇಕು."

"ಅಳು ಬರ್ತದೆ."

"ಬರಲಿ. ಎದುರು ಕೂತ್ಕೊಳ್ಳಿ. ನೋಡಲು ಕಲೀರಿ."

ಅವನು ಚೌಕಟ್ಟಿನ ಆಚೆ ಬದಿಗೆ ಕೂತ.

"ಗುರುವಾರ...?"

"ಟಿಕೆಟ್ ಅಣ್ಣನ ಹತ್ತಿರ ಉಂಟು. ಬೇಡ ಅಂತ ನೀವೇ ಹೋಗಿ ಹೇಳಿ." ಕಣ್ಣೊರೆಸಿಕೊಳ್ಳದೆ ಅವಳು ಸೂಜಿಗೆ ನೂಲು ಪೋಣಿಸಿದಳು. "ಯಾಕೆ ಅಂತ ಅವ ಕೇಳ್ತಾನೆ. ಆಗ ಬಾಯಿ ಕಟ್ಟಬಾರದು."