ರೇಷ್ಮೆಯ ಗಂಟು

ಪೆಟ್ಟಿಗೆ ತೆರೆದು ತಂತಿ ಮೀಟಿದ ಸಾವಿತ್ರೆವ್ವ ಕೈ ಹಿಂದೆಗೆದರು. ಇದು ಅವರ ಅಜ್ಜನ ಸೇತಾರವಲ್ಲ, ಸಿತಾರಿನಂಥ ಆ ಹಳೆಯ ಪಾರಸಿ ವಾದ್ಯವಲ್ಲ. ಆಕಾರ ಅದೇ, ಬಣ್ಣ ಅದೇ. ದನಿ ಬೇರೆ.

ಮಧ್ಯಾಹ್ನದೊಳಗೆ ಪಿಎಸ್ಐ ಉಮಾಶ್ರೀ ಮುರಗೋಡದ ಆ ಮನೆಗೆ ಬಂದರು. ಸೇತಾರಕ್ಕೆ ಹೊಸ ಬಣ್ಣ ಬಳಿಯಲು ಒಯ್ದಿದ್ದವನು ಯರಗಟ್ಟಿಯ ವಾದ್ಯದಂಗಡಿಯ ಮಹಾದೇವ. ಮುಚ್ಚಿದ ಪೆಟ್ಟಿಗೆಯನ್ನು ಬಸ್ಸಿನಲ್ಲಿ ತಂದವನು ಪಿಂಜಾರ ಫಕ್ರುಸಾಬನ ಮಗ ಸಾಜಿದ್. ತಾನು ಅಸಲಿಯನ್ನೇ ಕೊಟ್ಟೆ, ದಾರಿಯಲ್ಲಿ ಬದಲಾಗಿದೆ ಎಂದ ಮಹಾದೇವ. ಸಾಜಿದ್‌ನ ಮನೆ ಶೋಧಿಸಿದರು. ಹೆಂಡತಿ ಜೀನತ್ ಹೊಲಿಗೆಯವಳು. ರೇಷ್ಮೆ ನೂಲಿನ ಉಂಡೆ ಸಿಕ್ಕಿತು. ಸ್ವರ ಹಿಡಿಯಲು ನಕಲಿ ಸೇತಾರದ ಕುತ್ತಿಗೆಗೆ ಸುತ್ತಿ ಗಂಟು ಬಿಗಿದ ದಾರದ ಮೆಟ್ಟುಗಳು, ಅಂದರೆ ಪರದೆಗಳೂ, ರೇಷ್ಮೆಯವೇ. ಸಾಜಿದ್‌ನನ್ನು ಠಾಣೆಯಲ್ಲಿ ಕೂಡಿಸಿದರು.

* * *

ಫಕ್ರುಸಾಬ ಅಳಲಿಲ್ಲ, ಯಾರ ಕಾಲೂ ಹಿಡಿಯಲಿಲ್ಲ. ನಕಲಿಯನ್ನೊಮ್ಮೆ ತೋರಿಸಿರೆಂದು ಠಾಣೆಯ ಬಾಗಿಲಲ್ಲೇ ಕುಳಿತ. ಸಂಜೆಗೆ ಒಳಗೆ ಕರೆದರು. ಹೇಳಿಕೆ ಕೊಡಲು ಬಂದ ಮಹಾದೇವನೂ ಅಲ್ಲೇ ಇದ್ದ.

ಶಾಲೆಯ ಕಟ್ಟೆ ಹತ್ತದ ಮುದುಕ. ಆದರೆ ಹತ್ತಿ ಹಿಂಜುವ ಬಿಲ್ಲಿಗೆ ಕುರಿಯ ಕರುಳಿನ ಹುರಿ ಹೊಸೆದ ಮನೆತನ. ಆ ಸೇತಾರದ ಪರದೆಗೂ ಅವರದೇ ಹುರಿ: ತಲೆಯ ಕಡೆ ದಪ್ಪ, ಕೆಳಗಿಳಿದಂತೆ ಸಣ್ಣ. ನೆನೆಸಿ ಬಿಗಿದರೆ ಒಣಗುತ್ತ ಕಟ್ಟಿಗೆಯನ್ನು ಕಚ್ಚಿ ಹಿಡಿಯುತ್ತಿತ್ತು.

ಫಕ್ರುಸಾಬ ನಕಲಿಯ ಪರದೆಗಳ ಮೇಲೆ ಉಗುರಾಡಿಸಿದ. ಎಲ್ಲ ಒಂದೇ ದಪ್ಪ.

"ಗಂಟು ಭಾಳ ಚಲೋ ಬಿಗದಾರ್ರಿ ಮಾದೇವಪ್ಪಾರ. ನಮ್ಮ ಸಾಜಿದಗ ಇಂಥಾ ಕೈ ಇಲ್ಲ."

"ಹೆಂಗ ಇರತೈತಿ? ನಾ ಕಟ್ಟಿದ್ದದು," ಎಂದ ಮಹಾದೇವ.

"ಕರುಳಿನ ಹುರಿ ಯಾಕ ಕಟ್ಟಲಿಲ್ರಿ?"

"ಲಿಂಗಾ ಮುಟ್ಟೂ ಕೈ ಸಾಬ. ಕರುಳು ಮುಟ್ಟತೇನೇನು?"

"ಬ್ಯಾಡ್ರಿ. ಆದ್ರ ನೀವು ಕೊಟ್ಟ ಸೇತಾರ ದಾರ್ಯಾಗ ಬದಲ್ ಆಗೇತಿ ಅಂದ್ರಿ. ನಿಮ್ಮ ಗಂಟು ಇಲ್ಲೇ ಅದಾವಲ್ರಿ."



* * *

ಫಕ್ರುಸಾಬ ಉಮಾಶ್ರೀಯವರಿಗೆ ಬಿಡಿಸಿ ಹೇಳಿದ. ಸಾಜಿದ್ ನಕಲಿ ಮಾಡಿದ್ದರೆ ಮನೆಯ ಗೂಟಕ್ಕೆ ತೂಗುವ ಹುರಿಯನ್ನೇ ಕಟ್ಟುತ್ತಿದ್ದ. ಅಸಲಿಯ ಹಾಗೇ ಕಾಣುತ್ತಿತ್ತು. ಕರುಳು ಮುಟ್ಟದವನು ಮಾತ್ರ ರೇಷ್ಮೆಗೆ ಕೈ ಹಾಕಬೇಕು. ಗಂಟು ತನ್ನದೆಂದು ಮಹಾದೇವನೇ ಒಪ್ಪಿದ ಮೇಲೆ, ನಕಲಿ ಪೆಟ್ಟಿಗೆ ಸೇರಿದ್ದು ಅವನ ಅಂಗಡಿಯಲ್ಲೇ.

ಅಸಲಿ ಸೇತಾರ ಮಹಾದೇವನ ಅಂಗಡಿಯ ಅಟ್ಟದಲ್ಲಿ ಸಿಕ್ಕಿತು. ಹಳೆಯ ವಸ್ತು ಕೊಳ್ಳುವವನೊಬ್ಬನಿಗೆ ಮಾರುವ ಮಾತು ಕೊಟ್ಟಿದ್ದನಂತೆ. ಕರುಳಿನ ಪರದೆಗಳನ್ನು ಕತ್ತರಿಯಿಂದ ಕೊಯ್ದು ಒಗೆದಿದ್ದ.

ಸಾವಿತ್ರೆವ್ವ ಆ ಸೇತಾರವನ್ನು ಫಕ್ರುಸಾಬನ ಕೈಗೆ ಕೊಡಲಿಲ್ಲ. ಠಾಣೆಯಿಂದ ಹೊರಬಂದ ಸಾಜಿದ್‌ನ ಮುಂದೆ, ಓಣಿಯ ಮಂದಿ ನೋಡುತ್ತಿರುವಾಗಲೇ, ಹಿಡಿದರು.

"ಮನಿಗೆ ಒಯ್ಯೋ ತಮ್ಮಾ. ಪರದೆ ನೀನ ಕಟ್ಟು."

ಸಾಜಿದ್ ಎರಡೂ ಕೈ ಚಾಚಿದ.