ಸೋಲಲು ಬಿಡದ ಪಟ್ಟಿ

ಹಣೆಗೆ ಕಟ್ಟಿದ ಪಟ್ಟಿ ಮೆಲ್ಲಗೆ ಬೆಚ್ಚಗಾಯಿತು. ಶಾಂಭವಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡೇ ಕುಳಿತಿದ್ದಳು. ಪರದೆಯ ಮೇಲೆ ಅವಳ ಮೃದಂಗ ತಾನಾಗಿ ನುಡಿಯುತ್ತಿತ್ತು. ತಾಳಕ್ಕೆ ತಕ್ಕಂತೆ ಬಣ್ಣದ ಬಿಲ್ಲೆಗಳನ್ನು ಹೊಡೆಯುವ ಈ ಬಗೆಯ ವಿಡಿಯೋ ಆಟವನ್ನು ಅವಳು ಹಿಂದೆಂದೂ ಆಡಿರಲಿಲ್ಲ. ಬಿಲ್ಲೆಗಳು ತಪ್ಪಿದವು, ತಾಳ ಹಳ್ಳ ಹಿಡಿಯಿತು. ಪಕ್ಕದಲ್ಲಿ ತಾನೂ ಪಟ್ಟಿ ಕಟ್ಟಿಕೊಂಡು ಕುಳಿತಿದ್ದ ತಮ್ಮ ಗುರುಸಿದ್ಧ ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳೂ ನಕ್ಕಳು.

"ಕೈ ಹಚ್ಚಲಾರದ ಇದು ಹ್ಯಾಂಗ ನಡೀತೈತ್ರಿ, ಡಾಕ್ಟರೇ?" ಎಂದು ಕೇಳಿದಳು.

ಈ ‘ಮೊದಲಮಿಡಿತ ಪಟ್ಟಿ’ಯನ್ನು ಹುಬ್ಬಳ್ಳಿಯ ತಮ್ಮ ಪ್ರಯೋಗಾಲಯದಲ್ಲಿ ರೂಪಿಸಿದ್ದ ಡಾ. ನಫೀಸಾ ಮುಲ್ಲಾ ಕುರ್ಚಿ ಎಳೆದುಕೊಂಡು ವಿವರಿಸಿದರು. ನಾವು ಒಂದು ಕೆಲಸ ಮಾಡಬೇಕೆಂದು ತೀರ್ಮಾನಿಸುವ ಮುನ್ನವೇ ಮಿದುಳಿನಲ್ಲಿ ಅದರ ಮಿಡಿತ ಎದ್ದಿರುತ್ತದೆ. ಬೇಡವೆಂದು ನಾವು ತಡೆಯುವುದು ಆಮೇಲೆ. ಪಟ್ಟಿ ಆ ತಡೆಗಾಗಿ ಕಾಯುವುದಿಲ್ಲ. ಮೊದಲ ಮಿಡಿತವನ್ನೇ ಹಿಡಿದು ಆಟಕ್ಕೆ ದಾಟಿಸುತ್ತದೆ. ಹೀಗಾಗಿ ಕೈಯಲ್ಲಿ ಬಲವಿಲ್ಲದವರೂ ಎಲ್ಲರ ಜೊತೆ ಸರಿಸಮನಾಗಿ ಆಡಬಹುದು.

ಆ ಕೊನೆಯ ಮಾತು ಶಾಂಭವಿಗೆ ಚುಚ್ಚಿತು. ಗುರುಸಿದ್ಧನ ಬಲಗೈ ಬೆರಳುಗಳು ಮಡಚಿಕೊಂಡೇ ಉಳಿದದ್ದು ಅವಳಿಂದ. ಕಾಲೇಜಿನ ದಿನಗಳಲ್ಲಿ ಉಣಕಲ್ ಕೆರೆಯ ಹತ್ತಿರ ಸ್ಕೂಟರ್ ಓಡಿಸುತ್ತಿದ್ದವಳು ಅವಳು; ಹಿಂದೆ ಕುಳಿತು "ಸಾವಕಾಶ, ಅಕ್ಕಾ" ಎಂದವನು ಅವನು. ಬಿದ್ದಾಗ ಅವಳಿಗೆ ಆದದ್ದು ತರಚುಗಾಯ ಅಷ್ಟೆ.

ಅಂದಿನಿಂದ ಇಬ್ಬರ ಮೆಚ್ಚಿನ ವಿಡಿಯೋ ಆಟ ‘ಕೋಟೆಕಾಳಗ’ದಲ್ಲಿ ಅವಳು ಬೇಕೆಂದೇ ಸೋಲುತ್ತ ಬಂದಳು. ಅದೇನು ಸುಲಭದ ಕೆಲಸವಾಗಿರಲಿಲ್ಲ. ತನ್ನ ಹೆಬ್ಬಾಗಿಲನ್ನು ತೆರೆದಿಟ್ಟರೂ ತಮ್ಮನ ಸೈನ್ಯ ದಿಕ್ಕುಗೆಟ್ಟು ಹೊಲದಲ್ಲಿ ಅಲೆಯುತ್ತಿತ್ತು. ಬೆಳಿಗ್ಗೆ ಹಿಡಿದ ಆಟ ಊಟದ ಹೊತ್ತಾದರೂ ಮುಗಿಯುತ್ತಿರಲಿಲ್ಲ. ಪಾಪ, ಎಡಗೈ ಇನ್ನೂ ಪಳಗಿಲ್ಲ ಎಂದು ಅವಳು ಮರುಗುತ್ತಿದ್ದಳು. ಕೊನೆಗೆ ಆ ಸಂಕಟ ತಾಳಲಾರದೆ ಆಟವನ್ನೇ ಬಿಟ್ಟಿದ್ದಳು.

"ಇದರಾಗ ಹಳೇ ಕೋಟೆಕಾಳಗ ಐತೇನ್ರಿ?" ಗುರುಸಿದ್ಧ ಕೇಳಿದ.

"ಐತಲ್ಲ. ಹಚ್ತೀನಿ ತಡೀರಿ," ಎಂದರು ನಫೀಸಾ.

"ಬ್ಯಾಡ ಬಿಡೋ," ಎಂದಳು ಶಾಂಭವಿ. ಅಷ್ಟರಲ್ಲಿ ಪರದೆಯ ಮೇಲೆ ಕೋಟೆ ಎದ್ದಾಗಿತ್ತು.

ಎಂದಿನಂತೆ ಹೆಬ್ಬಾಗಿಲು ತೆರೆದಿಡೋಣವೆಂದು ಅವಳು ಅಂದುಕೊಳ್ಳುವಷ್ಟರಲ್ಲಿ ಅದು ಧಡಾರನೆ ಮುಚ್ಚಿಕೊಂಡಿತು. ಬಿಲ್ಲಾಳುಗಳು ಗೋಡೆ ಹತ್ತಿದರು. ಕುದುರೆದಂಡು ತಮ್ಮನ ಕೋಟೆಯತ್ತ ನುಗ್ಗಿತು. ನಿಲ್ಲಿಸಲು ಅವಳು ಪಟ್ಟ ಪಾಡೆಲ್ಲ ವ್ಯರ್ಥವಾಯಿತು. ಇಷ್ಟು ವರ್ಷ ಮುಚ್ಚಿಟ್ಟದ್ದು ಅವನ ಕಣ್ಣೆದುರಿಗೇ ಬಯಲಾಗಿತ್ತು. ನಾಚಿಕೆಯಿಂದ ಅವಳು ತಲೆ ತಗ್ಗಿಸಿದಳು.

"ತಪ್ಪಾತೋ ಗುರು. ನಾ ಬೇಕಂತನ ಸೋಲತಿದ್ದೆ. ನಿನ್ನ ಕೈ ಕಳದಾಕಿ, ನಿನ್ನ ಗೆಲುವನ್ನೂ ಸುಳ್ಳು ಮಾಡಿದೆ."

ತಲೆ ಎತ್ತಿದರೆ ತಮ್ಮನ ಕಿವಿ ಕೆಂಪಗಾಗಿತ್ತು. ಪರದೆಯ ಮೇಲೆ ಅವನ ಆನೆಗಳು ಮರಗಳ ಮರೆಯಿಂದ ಹೊರಟು ಅವಳ ಕುದುರೆದಂಡನ್ನು ಎರಡೂ ಕಡೆಯಿಂದ ಮುತ್ತಿದ್ದವು. ನೋಡನೋಡುತ್ತಿದ್ದಂತೆ ಅವಳ ಬಾವುಟ ಉರುಳಿತು.

"ನಿನಗ ಇಷ್ಟು ಚಲೋ ಆಡಾಕ ಬರತೈತೇನು?"

"ಎಡಗೈ ಯಾವಾಗೋ ಪಳಗೇತಿ, ಅಕ್ಕಾ," ಎಂದ ಗುರುಸಿದ್ಧ ಅಪರಾಧಿಯಂತೆ. "ನೀ ಸೋಲೂದು ನನಗ ಗೊತ್ತಿತ್ತು. ನೀ ಒಮ್ಮೆ ಗೆದ್ದರ ಆ ಸ್ಕೂಟರ್ ಮರೀತಿ ಅಂತ ನಾನೂ ಸೋಲಾಕ ಒದ್ದಾಡಿದೆ. ಅದರಾಗ ನಿನ್ನ ಮೀರಸಾಕ ಆಗಲಿಲ್ಲ. ಇವತ್ತ ಈ ಪಟ್ಟಿ ನಿನ್ನ ಗೆಲ್ಲಸತೈತಿ ಅಂದ್ಕೊಂಡೆ. ನನ್ನ ತಲಿಗೂ ಕಟ್ಟ್ಯಾರ ಅನ್ನೂದ ಮರತೆ."

ಬೆರಳುಗಳಿಗಾಗಿ ಮಾಡಿದ ಪಟ್ಟಿ ಇಂಥ ಕಡೆ ಕೈಹಾಕೀತೆಂದು ನಫೀಸಾ ಎಣಿಸಿರಲಿಲ್ಲ.

ಶಾಂಭವಿ ಅತ್ತಳು. ಸೆರಗಿನಿಂದ ಕಣ್ಣೊರೆಸಿಕೊಂಡಾಗ ತಮ್ಮನ ಮಡಚಿದ ಬೆರಳುಗಳು ಕಂಡವು. ಅವಳ ತಪ್ಪು ಎಲ್ಲಿಗೂ ಹೋಗಿರಲಿಲ್ಲ. ಆದರೆ ಉರುಳಿದ ಬಾವುಟದ ಕಡೆ ನೋಡಿದ್ದೇ ತಡ, ಎಷ್ಟೋ ವರ್ಷಗಳ ಮೇಲೆ ಅವಳಿಗೆ ಅವನ ಮೇಲೆ ಸಿಟ್ಟು ಬಂತು.

"ಆನಿ ಎಲ್ಲಿ ಅಡಗಿಸಿಟ್ಟಿದ್ದೆಲೇ, ಕಳ್ಳಾ? ಇನ್ನೊಂದು ಆಟ ಹಚ್ರಿ, ಡಾಕ್ಟರೇ. ಈ ಸಲ ಇವನ್ನ ಬಿಡಂಗಿಲ್ಲ."